ಕೊನೆಯ ಬೆಣೆ

ದಾವಣಗೆರೆಯ ಒಂದು ಅಪಾರ್ಟ್‌ಮೆಂಟಿನ ಹದಿನಾಲ್ಕನೆಯ ಮಹಡಿ. ಮದುವೆಯಾಗಿ ಎಂಟು ದಿನವಾಗಿದ್ದ ಧ್ರುವ ಹೊಸ ಮಂಚದ ಪೆಟ್ಟಿಗೆ ಬಿಚ್ಚಿದ. ಒಳಗೆ ಹಲಗೆಗಳು, ನಾಲ್ಕು ಕಾಲು, ಒಂದು ಚೀಲದಲ್ಲಿ ಮೂವತ್ತೆರಡು ಮರದ ಬೆಣೆ, ಕೊಡತಿ ಎನ್ನುವ ಮರದ ಸುತ್ತಿಗೆ, ಜೊತೆಗೆ ಬೂದು ಬಣ್ಣದ ಎರಡು ಕೈಗವಸು. ಜೋಡಿಸುವ ಕ್ರಮ ತೋರಿಸುವ ಚಿತ್ರದ ಕಾಗದ ಇರಲಿಲ್ಲ. ಅದರ ಕಾಲ ಆ ವರ್ಷವಷ್ಟೇ ಮುಗಿದಿತ್ತು.

ಕೈಗವಸು ತೊಟ್ಟುಕೊಂಡರೆ ಸಾಕಿತ್ತು. ಅದರ ಬಟ್ಟೆಯಲ್ಲಿ ಕೂದಲಿಗಿಂತ ತೆಳುವಾದ ಲೋಹದ ಎಳೆಗಳಿದ್ದವು. ವಿದ್ಯುತ್ ಹರಿದಾಗ ಅವು ಸ್ನಾಯುವಿನ ಹಾಗೆ ಕುಗ್ಗಿ ಬೆರಳನ್ನು ಎಳೆದು ನಡೆಸುತ್ತಿದ್ದವು. ಯಾವ ಎಳೆ ಯಾವಾಗ ಕುಗ್ಗಬೇಕು ಎನ್ನುವುದನ್ನು ಅರಸೀಕೆರೆಯ ಒಬ್ಬ ಬಡಗಿಯ ಕೈಯಿಂದ ಕಲಿಸಿದ್ದರು. ಆ ಬಡಗಿ ಮೌನೇಶಾಚಾರಿ ತೀರಿಕೊಂಡು ಎರಡು ವರ್ಷವಾಗಿತ್ತು.

ಹಲಗೆಯ ತಲೆ ಯಾವುದು ಬುಡ ಯಾವುದು ಎಂದು ಧ್ರುವನಿಗೆ ತಿಳಿಯದು. ಕೈಗೆ ತಿಳಿದಿತ್ತು. ಪ್ರತಿ ಹಲಗೆಯ ಅಂಚನ್ನೂ ಹೆಬ್ಬೆರಳಿನಿಂದ ಒಮ್ಮೆ ಸವರಿ, ಸಿಬಿರು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಅದು ತೂತಿಗೆ ಸೇರಿಸುತ್ತಿತ್ತು. ಧ್ರುವ ಹೆಂಡತಿ ಸಿಂಚನಾಳ ಜೊತೆ ಪರದೆಯ ಬಣ್ಣದ ಬಗ್ಗೆ ಜಗಳವಾಡುತ್ತಲೇ ಇದ್ದ. ಕೈಗಳು ತಮ್ಮ ಪಾಡಿಗೆ ದುಡಿಯುತ್ತಿದ್ದವು. ಮುಕ್ಕಾಲು ಗಂಟೆಯಲ್ಲಿ ಮೂವತ್ತೊಂದು ಬೆಣೆ ಕೂತವು.

ಮೂವತ್ತೆರಡನೆಯದನ್ನು ತೂತಿನ ಬಾಯಿಗಿಟ್ಟು ಕೈ ನಿಂತುಬಿಟ್ಟಿತು. ಆಮೇಲೆ ಕೊಡತಿಯನ್ನು ತಿರುಗಿಸಿ, ಹಿಡಿಯನ್ನು ಎದುರಿಗಿದ್ದವಳ ಕಡೆಗೆ ಚಾಚಿತು.

"ನನಗ್ಯಾಕೆ ಕೊಡ್ತಿದೀಯ?" ಎಂದಳು ಸಿಂಚನಾ.

"ನಾನೆಲ್ಲಿ ಕೊಟ್ಟೆ? ಅದೇ ಕೊಡ್ತಿದೆ. ಕೆಟ್ಟುಹೋಯ್ತು ಅನ್ಸುತ್ತೆ."

ಬಿಚ್ಚಿ ಮತ್ತೆ ತೊಟ್ಟ. ಮತ್ತೆ ಅದೇ ಆಯಿತು. ಕಂಪನಿಗೆ ಫೋನು ಮಾಡಿದರು. ಹನ್ನೊಂದು ದಿನ ಆ ಹೊಸ ಮದುಮಕ್ಕಳು ಮಂಚದ ಪಕ್ಕದಲ್ಲೇ ನೆಲದ ಮೇಲೆ ಮಲಗಿದರು. ಹನ್ನೆರಡನೆಯ ದಿನ ರಿಪೇರಿಯವನು ಬಂದು ಬೆಣೆಗೆ ಒಂದೇ ಏಟು ಹಾಕಿ, ಸಹಿ ಮಾಡಿಸಿಕೊಂಡು ಹೋದ.

ಇಂಥ ದೂರುಗಳು ಆರು ತಿಂಗಳಲ್ಲಿ ಎರಡು ಲಕ್ಷ ದಾಟಿದವು. ಕೈಗವಸು ತೆಗೆದಿಟ್ಟು ತಾವೇ ಒಂದು ಏಟು ಹಾಕಿದೆವು ಎಂದವರು ಬೆರಳೆಣಿಕೆಯಷ್ಟು ಜನ. ಅವರೂ ಅದನ್ನು ದೂರಾಗಿಯೇ ಬರೆದಿದ್ದರು.

ಕೈಗವಸನ್ನು ಕಂಡುಹಿಡಿದ ವಿಜ್ಞಾನಿ ಡಾಕ್ಟರ್ ಪ್ರಣತಿ ಒಂದು ಮಧ್ಯಾಹ್ನ ಅರಸೀಕೆರೆಗೆ ಹೋದಳು. ಮೌನೇಶಾಚಾರಿಯ ಕೆಲಸದ ಕೊಟ್ಟಿಗೆ ಈಗ ಸ್ಕೂಟರಿಗೆ ಚಾರ್ಜು ಮಾಡುವ ಅಂಗಡಿಯಾಗಿತ್ತು. ಅದರ ಹಿಂದಿನ ಎರಡು ಕೋಣೆಯಲ್ಲಿ ಅವನ ಹೆಂಡತಿ ಸರ್ವಮಂಗಳಮ್ಮ ಇದ್ದಳು.

"ಬನ್ನಿ ಡಾಕ್ಟ್ರಮ್ಮ. ನಮ್ಮನೆಯವರ ಕೈ ತಗೊಂಡು ಹೋದ್ರಿ. ಇನ್ನೇನು ಉಳ್ಕೊಂಡಿತ್ತು?"

ಪ್ರಣತಿ ತಲೆ ತಗ್ಗಿಸಿಯೇ ಚಾಪೆಯ ಮೇಲೆ ಕೂತಳು. ಕಾಗದವೊಂದನ್ನು ತೆಗೆದು ಮುಂದಿಟ್ಟಳು. ಮೌನೇಶಾಚಾರಿ ತನ್ನ ಕೈಯ ಕೆಲಸ ಕಲಿಸಿಕೊಡುವ ಮೊದಲು ಒಂದೇ ಒಂದು ಷರತ್ತು ಹಾಕಿದ್ದ: ನನ್ನ ಕೆಲಸದಲ್ಲಿ ಏನನ್ನೂ ತೆಗೆಯಬಾರದು. ಅದು ಕರಾರಿನಲ್ಲಿತ್ತು. ಆದ್ದರಿಂದ, ಕೊನೆಯಲ್ಲಿ ಕೈ ನಿಲ್ಲುವುದು ಕೆಲಸವಲ್ಲ, ಆಯಾಸ ಎಂದು ಹೆಂಡತಿ ಈ ಕಾಗದಕ್ಕೆ ರುಜು ಹಾಕಿದರೆ ಮಾತ್ರ ಕಂಪನಿ ಅದನ್ನು ಅಳಿಸಬಹುದಿತ್ತು.

"ಸುಸ್ತು ಅಂತ ಹೆಂಗೆ ಗೊತ್ತಾಯ್ತು ನಿಮಗೆ?"

"ಒಂದೇ ಮಂಚನ ನಾನೂರು ಸಲ ಜೋಡ್ಸಿದ್ರಮ್ಮ. ಪ್ರತಿ ಸಲ ಬಂದದ್ದನ್ನ ಯಂತ್ರ ಇಟ್ಕೊಳ್ಳುತ್ತೆ, ಯಾವಾಗಲೋ ಒಮ್ಮೆ ಬಂದದ್ದನ್ನ ಬಿಟ್ಟುಬಿಡುತ್ತೆ. ಅವರು ಕೆಮ್ಮಿದ್ದು, ಕೈ ಜಾರಿದ್ದು, ಬೀಡಿಗೆ ಜೇಬು ತಡಕಿದ್ದು ಎಲ್ಲಾ ಹೋಗಿದೆ. ಆದ್ರೆ ಕೊನೇ ಬೆಣೆ ಹತ್ರ ನಿಲ್ಲೋದು ನಾನೂರು ಸಲವೂ ಇದೆ."

"ನಾನೂರು ಸಲವೂ ಒಬ್ಬ ಮನುಷ್ಯನಿಗೆ ಒಂದೇ ಜಾಗದಲ್ಲಿ ಸುಸ್ತಾಗುತ್ತೇನವ್ವ?"

ಪ್ರಣತಿ ಕಾಗದದ ಮಡಿಕೆಯನ್ನು ಬೆರಳಿನಿಂದ ನೀವಿದಳು. ಸರ್ವಮಂಗಳಮ್ಮನೇ ಮತ್ತೆ ಕೇಳಿದಳು:

"ಆಗ ಏಟು ಯಾರು ಹಾಕ್ತಿದ್ರು?"

"ನಾನೇ. ಕೊಡತಿ ನನ್ನ ಕೈಗೇ ಕೊಡ್ತಿದ್ರು. ಪಾಪ, ಎದೆನೋವಿನವರು, ಆಗ್ತಿಲ್ಲ ಅಂದ್ಕೊಂಡು ಹೊಡೀತಿದ್ದೆ. ಪಟ್ಟಿಯಲ್ಲಿ ಆಯಾಸ ಅಂತ ಬರ್ಕೊಳ್ತಿದ್ದೆ."

"ನಾನೂರು ಸಲ ಬರ್ಕೊಂಡೆ ನೀನು. ಒಂದು ಸಲವೂ ಯಾಕೆ ಅಂತ ಕೇಳಲಿಲ್ಲ," ಎಂದಳು ಸರ್ವಮಂಗಳಮ್ಮ.

"ಅವರಾದ್ರೂ ಹೇಳಬಹುದಿತ್ತಲ್ಲಮ್ಮ."

"ಅದು ಹೇಳೋ ಮಾತು ಅಂತ ಅವರಿಗೆ ಹೊಳೆದಿದ್ರೆ ತಾನೆ? ನಮ್ಮ ಕೇರೀಲಿ ಅದನ್ನ ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಕೊನೇ ಬೆಣೆ ಮನೆಯವರದ್ದು. ಆಚಾರಿ ಹೊಡೆಯೋ ಹಂಗಿಲ್ಲ. ಮನೆಯವರು ಹೊಡೀದೆ ಹೋದ್ರೆ ಮಂಚ ಆಚಾರೀದೇ ಆಗಿರುತ್ತೆ. ಆಚಾರಿ ಮಂಚದ ಮೇಲೆ ಬೇರೆ ಗಂಡಹೆಂಡ್ತಿ ಮಲಗೋದು ಚೆಂದವಾ?"

ಮುದುಕಿ ತನ್ನ ಮಾತಿಗೆ ತಾನೇ ನಕ್ಕಳು. ನಗು ಬೇಗ ನಿಂತಿತು.

"ಅಷ್ಟೇ ಅಲ್ಲ ಕಣಮ್ಮ. ಕೊನೇಗೆ ಕೂತ ಬೆಣೇನೇ ಮೊದಲು ಬಿಚ್ಚೋದು. ಮನೆ ಬದಲಾಯ್ಸೋವಾಗ ಎಲ್ಲಿಂದ ಬಿಚ್ಚಬೇಕು, ಮಳೆಗಾಲ ಕಳೆದು ಮರ ಒಣಗಿ ಕಿರುಗುಟ್ಟಿದ್ರೆ ಎಲ್ಲಿ ಹೊಡೀಬೇಕು, ಅದು ಏಟು ಹಾಕಿದವರಿಗೆ ಗೊತ್ತಿರುತ್ತೆ. ಮತ್ತೆ ಆಚಾರಿ ಮನೆ ಬಾಗಿಲಿಗೆ ಬರಬೇಕಾಗಿಲ್ಲ. ಬೀಗದ ಕೈ ಒಪ್ಪಿಸಿದ ಹಾಗೆ."

ಪ್ರಣತಿ ತನ್ನ ಅಂಗೈ ನೋಡಿಕೊಂಡಳು. ಕೈಗವಸು ಶುರು ಮಾಡಿದಾಗ ಅವಳ ಆಸೆ ಬೇರೆಯಿತ್ತು. ನಾಲ್ಕು ಸಲ ತೊಟ್ಟವನ ಕೈ ಐದನೆಯ ಸಲಕ್ಕೆ ತಾನೇ ಕಲಿತಿರುತ್ತದೆ, ಗವಸನ್ನು ಮುಂದಿನವರಿಗೆ ದಾಟಿಸುತ್ತಾನೆ ಎಂದು ಮೌನೇಶಾಚಾರಿಗೆ ಹೇಳಿಯೇ ಅವಳು ಅವನನ್ನು ಒಪ್ಪಿಸಿದ್ದಳು. ಆದರೆ ಕಂಪನಿ ಪ್ರತಿ ಪೆಟ್ಟಿಗೆಯಲ್ಲೂ ಒಂದು ಹೊಸ ಜೊತೆ ಇಟ್ಟಿತು. ಕಲಿಯಬೇಕಾದ ಅಗತ್ಯ ಯಾರಿಗೂ ಬೀಳಲಿಲ್ಲ.

ಸರ್ವಮಂಗಳಮ್ಮ ಕಾಗದವನ್ನು ಮಡಿಸಿ ಅವಳ ತೊಡೆಯ ಮೇಲಿಟ್ಟಳು. "ಅವರನ್ನ ಒಯ್ದು ದಹನ ಮಾಡಿ ಬಂದಿದೀವಿ. ಲೋಕದಲ್ಲಿ ಅವರದು ಅಂತ ಉಳಿದಿರೋದು ಆ ಕೈ ನಿಲ್ಲೋದೊಂದೇ. ಸುಸ್ತು ಅಂತ ನಾನು ರುಜು ಹಾಕಲ್ಲ. ಏನು ಮಾಡ್ಕೋತಾರೋ ಮಾಡ್ಕೊಳ್ಳಲಿ, ಹೋಗು."

ಪ್ರಣತಿ ಊರಿಗೆ ಹೋದವಳೇ ಎಲ್ಲವನ್ನೂ ಬರೆದು ಕಂಪನಿಗೆ ಕೊಟ್ಟಳು. ಇದು ದೋಷವಲ್ಲ, ಕೆಲಸದ ಭಾಗ; ಪೆಟ್ಟಿಗೆಯ ಮೇಲೆ ಒಂದು ಸಾಲು ಅಚ್ಚು ಹಾಕಿಸಿ, ಕೊನೆಯ ಏಟು ನಿಮ್ಮದು ಎಂದು ತಿಳಿಸಿದರೆ ಸಾಕು ಎಂದಳು. ಕಂಪನಿಯವರು ಮರ್ಯಾದೆಯಿಂದ ಕೇಳಿಸಿಕೊಂಡರು. ಕೈಗವಸಿನ ಒಂದು ಎಳೆಯನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಆ ಮಾತಿಗೆ ತಪ್ಪಲೂ ಇಲ್ಲ.

ಅವರು ಮಂಚವನ್ನು ಬದಲಾಯಿಸಿದರು.

ಮರುವರ್ಷ ಹೊಸ ಮಾದರಿ ಬಂತು. ಅದರಲ್ಲಿ ಬೆಣೆಗಳು ಮೂವತ್ತೊಂದೇ. ಮೂವತ್ತೆರಡನೆಯದರ ಜಾಗವನ್ನು ಕಾರ್ಖಾನೆಯಲ್ಲೇ ಅಂಟು ಹಾಕಿ ಮುಚ್ಚಿ, ಮೇಲೆ ಹೊಳಪು ಕೊಟ್ಟಿದ್ದರು. ಕೊಡತಿಯ ಹಿಡಿ ಚಾಚಿ ನಿಂತ ಕೈಯ ಚಿತ್ರ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿತು, 'ಕುಶಲಕರ್ಮಿಯ ವಂದನೆ' ಎಂಬ ಹೆಸರಿನಲ್ಲಿ. ದೂರುಗಳು ನಿಂತವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಮಂಚಗಳು ಕಿರುಗುಟ್ಟತೊಡಗಿದವು. ಎಲ್ಲಿ ಹೊಡೆಯಬೇಕೆಂದು ಯಾರಿಗೂ ತಿಳಿಯದ್ದರಿಂದ ಎಲ್ಲರೂ ಹೊಸದನ್ನು ತರಿಸಿಕೊಂಡರು.

ಒಂದು ಮಂಚವನ್ನು ಕಂಪನಿ ಸರ್ವಮಂಗಳಮ್ಮನಿಗೂ ಉಡುಗೊರೆಯಾಗಿ ಕಳಿಸಿತು. ಪೆಟ್ಟಿಗೆಯ ಜೊತೆ ಪ್ರಣತಿಯೇ ಬಂದಳು. ಮುದುಕಿ ಬೇಡವೆನ್ನಲಿಲ್ಲ. ಸೆರಗು ಸಿಕ್ಕಿಸಿ, ಸುಕ್ಕುಗಟ್ಟಿದ ಕೈಗಳನ್ನು ಗವಸಿನೊಳಗೆ ತೂರಿಸಿದಳು.

ಬೆರಳು ಅಲುಗಿದ ಕೂಡಲೇ ಅವಳು ಬಾಗಿ ನೋಡಿದಳು. ಅಂಚು ಸವರುವ ಹೆಬ್ಬೆರಳು. ಏಟಿಗೆ ಮೊದಲು ಕೊಡತಿಯನ್ನು ಕೈಯಲ್ಲೇ ಒಮ್ಮೆ ತೂಗಿ ನೋಡುವ ರೀತಿ. "ಇವರೇ," ಎಂದಳು, ಯಾರಿಗೋ. ಮೂವತ್ತೊಂದು ಬೆಣೆ ಮುಗಿಯುವ ತನಕ ಆ ಬೆರಳುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಆಮೇಲೆ ಕೈ ನಿಂತಿತು. ಕೊಡತಿ ತಿರುಗಿತು. ಹಿಡಿ ಪ್ರಣತಿಯ ಕಡೆ ಚಾಚಿಕೊಂಡಿತು.

ಪ್ರಣತಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಾನೂರ ಒಂದನೆಯ ಸಲ. ಮಂಚದ ಸುತ್ತ ಬಾಗಿ ಬಾಗಿ ಬಂದಳು. ಎಲ್ಲ ಕಡೆಯೂ ಹೊಳಪು. ಹೊರಗೆ ತಲೆ ಹಾಕಿದ ಒಂದು ಬೆಣೆಯೂ ಇರಲಿಲ್ಲ.

"ಎಲ್ಲಿ ಹೊಡೀಲಿ ಅಮ್ಮ?"

"ಅದನ್ನೀಗ ಕೇಳ್ತಿದೀಯಲ್ಲ ತಾಯಿ," ಎಂದಳು ಸರ್ವಮಂಗಳಮ್ಮ. ಗವಸಿನೊಳಗಿನ ಕೈ ಇನ್ನೂ ಚಾಚಿಕೊಂಡೇ ಇತ್ತು.

ಕೇಳುವ ಕಾಲ ಬಹಳ ಹಿಂದೆಯೇ ಇತ್ತು. ಬೆಣೆಗಳೂ ತಿರುಪುಗಳೂ ಇನ್ನೂ ಹೊರಗೇ ಇದ್ದ, ಚಿತ್ರದ ಕಾಗದ ಇನ್ನೂ ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾಲ. ಆಗ ಆ ಕಾಗದವನ್ನು ಬಿಡಿಸಿಯೂ ನೋಡದೆ, ಯಾರನ್ನಾದರೂ ಕಳಿಸಿ ಎಂದು ಫೋನು ಮಾಡಿ, ಬಂದವನು ಏನು ಮಾಡಿದ ಎಂದು ಕೂಡ ತಿರುಗಿ ನೋಡದೆ, ಅದೇ ಸಂಜೆ ಆ ಮಂಚದ ಮೇಲೆ ಹಾಯಾಗಿ ಮಲಗಿದವರ ಮಕ್ಕಳೇ ಈ ಧ್ರುವ, ಸಿಂಚನಾರಂಥವರು.