ಚಲಿಸುವ ಭಾಗ ಒಂದು

ಎಂಟನೆಯ ದಿನವೂ ಆಯುಷ್ಯಮಾಪಕ ಯಂತ್ರ ಗದಗಿನ ಬಟ್ಟೆ ಬಜಾರಿನ ನಾಲ್ಕಂತಸ್ತಿನ ಕಟ್ಟಡದ ಮೇಲೆ ಹಾರಾಡುತ್ತಿತ್ತು. ಗಾತ್ರ ಇಡ್ಲಿ ತಟ್ಟೆಯಷ್ಟು. ಪ್ರತಿಯೊಂದು ಸೌರಫಲಕದ ಮೇಲೂ ಗೇಣೆತ್ತರದಲ್ಲಿ ನಿಂತು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಅದರ ಶಾಖ ನೋಡಿ, ಮುಂದಿನದಕ್ಕೆ ಸರಿಯುತ್ತಿತ್ತು.

ಅದನ್ನು ರೂಪಿಸಿದವರು ಡಾ. ಮಂದಾಕಿನಿ ಕಬ್ಬೂರ. ಕಟ್ಟಡವೊಂದು ಮಾರಾಟಕ್ಕೆ ಬಂದಾಗ ಜಾಗಕ್ಕೆ, ಗೋಡೆಗೆ ಬೆಲೆ ಕಟ್ಟುವುದು ಸುಲಭ. ಛಾವಣಿಯ ಮೇಲಿನ ಸೌರವಿದ್ಯುತ್ ವ್ಯವಸ್ಥೆಗೆ ಕಟ್ಟುವುದು ಕಷ್ಟ. ಕೊಂಡಾಗ ಎಷ್ಟು ಕೊಟ್ಟಿದ್ದರು ಎಂಬುದು ಅಲ್ಲಿ ಮುಖ್ಯವಲ್ಲ. ಇನ್ನು ಎಷ್ಟು ವರ್ಷ, ಎಷ್ಟು ವಿದ್ಯುತ್ ಕೊಡುತ್ತದೆ ಎಂಬುದೇ ಅದರ ಮೌಲ್ಯ. ಮಾರುವವರು ಹಿಂದಿನ ದಿನ ಫಲಕಗಳನ್ನು ತೊಳೆಸಿ, ಹೆಣ್ಣು ತೋರಿಸುವ ಶಾಸ್ತ್ರದಂತೆ ಸಿಂಗರಿಸಿ ನಿಲ್ಲಿಸುತ್ತಿದ್ದರು. ಈ ಮೋಸ ತಪ್ಪಿಸಲು ಮಂದಾಕಿನಿಯವರು ಯಂತ್ರವನ್ನು ಎಂಟು ದಿನ ಅಲ್ಲಿಯೇ ಬಿಟ್ಟು, ಅದಕ್ಕೊಂದು ಸೂತ್ರ ಕಲಿಸಿದ್ದರು: ‘ಯಾವುದು ಇಲ್ಲದಿದ್ದರೆ ಇಳುವರಿ ಕುಗ್ಗುತ್ತದೆಯೋ ಅದು ವ್ಯವಸ್ಥೆಯ ಭಾಗ.’ ಸೂತ್ರ ಬರೆದ ದಿನ ಅವರು ತಮಗೆ ತಾವೇ ಒಂದು ಹೋಳಿಗೆ ಹೆಚ್ಚು ಬಡಿಸಿಕೊಂಡಿದ್ದರು.

ಫಲಕಗಳ ನೆರಳಿನಲ್ಲಿ ಬಿದಿರುಕೋಲುಗಳ ಮೇಲೆ ಶಾವಿಗೆ ತೂಗುತ್ತಿತ್ತು. ಅದು ನಿಂಬೆವ್ವನದು. ಹದಿನೆಂಟು ವರ್ಷಗಳಿಂದ ಆಕೆ ಅಲ್ಲಿ ಶಾವಿಗೆ ಒಣಗಿಸಿ ಕೆಳಗಿನ ಕಿರಾಣಿ ಅಂಗಡಿಗಳಿಗೆ ಕೊಡುತ್ತಿದ್ದಳು. ಹಳೆಯ ಮಾಲೀಕರು ಬೇಡವೆಂದಿರಲಿಲ್ಲ. ಈಗ ಕಟ್ಟಡ ಕೊಳ್ಳಲು ಬಂದಿದ್ದ ಪ್ರಭುಲಿಂಗ ಬೀಳಗಿಯವರು ಮಾತ್ರ ಸ್ಪಷ್ಟವಾಗಿ ಹೇಳಿದ್ದರು: ಫಲಕಗಳು ಹಳತಾಗಿದ್ದರೆ ಕಿತ್ತುಹಾಕಿ, ಮೇಲೆ ಹೋಟೆಲು. ಫಲಕ ಹೋದರೆ ನೆರಳು ಹೋಯಿತು. ನೆರಳು ಹೋದರೆ ನಿಂಬೆವ್ವನ ದುಡಿಮೆಯೂ ಹೋಯಿತು.

“ಅಕ್ಕಾರ, ನಿಮ್ಮ ತಟ್ಟಿ ಏನಂತದ?” ಎಂದು ಆಕೆ ದಿನಕ್ಕೆರಡು ಸಲ ಕೇಳುತ್ತಿದ್ದಳು.

“ಇನ್ನೂ ನೋಡ್ತಾ ಇದೆಯಮ್ಮ. ವಿಜ್ಞಾನಕ್ಕೆ ಸಮಯ ಬೇಕು.”

“ಹೌದ್ ಬಿಡ್ರಿ. ನಮ್ಮ ಸೊಸಿಗೂ ಒಂದು ಚಾ ಮಾಡಾಕ ಅಷ್ಟ ಹೊತ್ತು ಬೇಕು.”

ಆ ಸಂಜೆ ಬೀಳಗಿಯವರ ಎದುರಿಗೇ ವರದಿ ಬಂತು. ಮಂದಾಕಿನಿಯವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು.

“ಸೌರಫಲಕಗಳು ನೂರಾತೊಂಬತ್ತೆರಡು. ವಯಸ್ಸು ಹದಿನೆಂಟು, ಸ್ಥಿತಿ ಏಳು ವರ್ಷದ್ದು. ಚಲಿಸುವ ಭಾಗ ಒಂದು. ಎತ್ತರ ಐದಡಿ. ಬೆಳಗ್ಗೆ ಆರಕ್ಕೆ ತಾನಾಗಿ ಚಾಲೂ ಆಗುತ್ತದೆ. ಐದನೆಯ ದಿನ ಚಾಲೂ ಆಗಲಿಲ್ಲ. ಅಂದು ಇಳುವರಿ ಇಳಿಯಿತು. ಇದನ್ನು ತೆಗೆದರೆ ವ್ಯವಸ್ಥೆಯ ಮೌಲ್ಯದ ಮೂರನೆಯ ಒಂದು ಪಾಲು ಹೋಗುತ್ತದೆ. ಬಲಗಡೆಯ ಕೆಳಗಿನ ಕೀಲು ಸವೆದಿದೆ. ಉಳಿದ ಆಯುಷ್ಯ ಮೂರು ವರ್ಷ.”

ಬೀಳಗಿಯವರು ವ್ಯಾಪಾರಸ್ಥರು. ಕೂಡಲೇ ಕೇಳಿದರು: “ಇದರದ್ದು ಸ್ಪೇರ್ ಪಾರ್ಟ್ ಹುಬ್ಬಳ್ಳ್ಯಾಗ ಸಿಗ್ತದೇನ್ರಿ?”

ಈ ವ್ಯವಸ್ಥೆಯಲ್ಲಿ ಚಲಿಸುವ ಭಾಗವೇ ಇರಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಮಂದಾಕಿನಿಯವರು ಅದರ ಬೆನ್ನು ಬಿಚ್ಚಿ ನೋಡುತ್ತಿರುವಾಗ, ಕಬ್ಬಿಣದ ಏಣಿಯ ಮೇಲೆ ಬಕೆಟ್ಟಿನ ಸದ್ದಾಯಿತು. ನಿಂಬೆವ್ವ ಬಲಗಾಲನ್ನು ಕೈಯಿಂದ ಎತ್ತಿ ಕೊನೆಯ ಮೆಟ್ಟಿಲಿಗೆ ಇಟ್ಟು ಮೇಲೆ ಬಂದಳು. ಹೆಗಲ ಮೇಲೆ ಹಳೆಯ ನೂಲಿನ ಸೀರೆಯ ತುಂಡು.

“ನೀವು... ಈ ಫಲಕ ಒರೆಸ್ತೀರಾ?”

“ಮತ್ತ? ಹಾಂಗ ಬಿಟ್ರ ಗಾಳಿಗೆ ಧೂಳೆಲ್ಲಾ ನನ್ನ ಶಾವಿಗಿ ಮ್ಯಾಲ ಬೀಳತೈತಿ. ಮುಂಜಾನೆ ಆರಕ್ಕ ಎಲ್ಲಾ ಒರಸ್ತೀನಿ. ಸಂಜೀಕ ಗಾಳಿ ಜೋರಿದ್ರ ಇನ್ನೊಂದ ಸಲ.”

“ಐದನೆಯ ದಿನ?”

“ತಂಗಿ ಊರಿಗೆ ಹೋಗಿದ್ನಿ. ಯಾಕ್ರಿ, ಏನಾತು?”

ಮಂದಾಕಿನಿಯವರು ಛಾವಣಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಧೂಳು ಹತ್ತದ ಲೇಪನವೊಂದಕ್ಕಾಗಿ ಅವರು ಒಂಬತ್ತು ವರ್ಷ ಕೊಟ್ಟಿದ್ದರು. ಅದರಿಂದ ಇಳುವರಿ ಏರಿದ್ದು ಶೇಕಡ ಎರಡು. ಅದಕ್ಕೊಂದು ಪದಕವೂ ಬಂದಿತ್ತು. ಎಂಟು ದಿನ ಬೆಳಗ್ಗೆ ಹತ್ತಕ್ಕೆ ಬಂದು, ಫಳಫಳ ಹೊಳೆಯುವ ಫಲಕಗಳನ್ನು ನೋಡಿ, “ಗದಗಿನ ಗಾಳಿ ಎಷ್ಟು ಶುದ್ಧ!” ಎಂದು ಟಿಪ್ಪಣಿಯಲ್ಲಿ ಬರೆದುಕೊಂಡದ್ದು ನೆನಪಾಗಿ ಕಿವಿ ಬಿಸಿಯಾಯಿತು.

“ಬೀಳಗಿಯವರೇ, ನಾನು ದಡ್ಡಿ. ಯಂತ್ರ ಸರಿಯಾಗಿದೆ. ಚಲಿಸುವ ಭಾಗ ಇವರೇ.”

“ನಾನ?” ನಿಂಬೆವ್ವ ಬಕೆಟ್ ಕೆಳಗಿಟ್ಟಳು. “ನನಗ ಮೂರ ವರ್ಷ ಅಂತ ಬರದೈತೇನು ಅದರಾಗ?”

“ನಿಮಗಲ್ಲಮ್ಮ, ಮೊಣಕಾಲಿಗೆ.”

“ಹಾಂಗಾರ ಖರೆ ಐತಿ. ಡಾಕ್ಟರು ಎರಡ ಅಂದಾನ.”

ಬೀಳಗಿಯವರು ವರದಿಯನ್ನು ಮತ್ತೊಮ್ಮೆ ಓದಿದರು. ಹೋಟೆಲಿಗಿಂತ ಈ ವಿದ್ಯುತ್ತೇ ಲಾಭ. ಆದರೆ ಆ ಲಾಭ ಈಕೆ ಇದ್ದರೆ ಮಾತ್ರ. ಬ್ಯಾಂಕಿನವರು ಸಾಲ ಕೊಡುವುದೂ ಇದೇ ವರದಿಯ ಮೇಲೆ. ಬೆಳಗ್ಗೆ “ಏ ನಿಂಬೆವ್ವ, ಗಂಟು ಕಟ್ಟು” ಎಂದಿದ್ದ ಬಾಯಲ್ಲೇ ಅವರು ಈಗ, “ನಿಂಬೆವ್ವಾರ, ಕೀಲು... ಅಲ್ಲ, ಕಾಲು ದುರಸ್ತಿಗೆ ಏನ್ ಮಾಡೋಣ್ರಿ? ಆಪರೇಶನ್ ಮಾಡಿಸ್ಲೇನು?” ಎಂದರು.

“ಆಪರೇಶನ್ ಯಾಕ? ಮ್ಯಾಲ ಒಂದ ನಲ್ಲಿ ಹಾಕಸ್ರಿ. ಮೂರನೇ ಮಾಳಗಿಯಿಂದ ನೀರ ಹೊತ್ತು ಹೊತ್ತು ಈ ಗತಿ ಬಂದೈತಿ.”

ಮಂದಾಕಿನಿಯವರು ಹಿಂದೆ ತಿರುಗಿದರು. ಎಂಟು ದಿನ ಅವರು ಯಾವುದರ ನೆರಳಿನಲ್ಲಿ ಕುಳಿತು ಬುತ್ತಿ ಉಂಡಿದ್ದರೋ, ಅದು ಐದು ಸಾವಿರ ಲೀಟರಿನ ನೀರಿನ ಟ್ಯಾಂಕು. ಕೆಳಗಿನ ಎಲ್ಲ ಅಂಗಡಿಗಳಿಗೂ ಅದರಿಂದ ಕೊಳವೆ ಹೋಗಿತ್ತು. ಛಾವಣಿಯ ಮೇಲೆ ಮಾತ್ರ ಒಂದು ನಲ್ಲಿ ಇರಲಿಲ್ಲ.

ನಲ್ಲಿ ಇದ್ದರೆ ಹೇಗೆ ಎಂದು ಯಂತ್ರವನ್ನು ಕೇಳಿದರು. ಕೀಲಿನ ಆಯುಷ್ಯ ಹನ್ನೊಂದು ವರ್ಷ ಎಂದಿತು. ಬೇರೆ ಯಾವ ಸುಧಾರಣೆಯೂ ವ್ಯವಸ್ಥೆಯ ಮೌಲ್ಯವನ್ನು ಅಷ್ಟು ಏರಿಸುತ್ತಿರಲಿಲ್ಲ. ಒಂಬತ್ತು ವರ್ಷದ ಲೇಪನ ಪಟ್ಟಿಯಲ್ಲಿ ಹದಿನಾಲ್ಕನೆಯ ಸ್ಥಾನದಲ್ಲಿತ್ತು.

“ಬರ್ಕೊಳ್ರಿ,” ಎಂದಳು ನಿಂಬೆವ್ವ. “ನಲ್ಲಿ. ನನ್ನ ಶಾವಿಗಿ ಜಾಗಾ ನಂದ. ಮತ್ತ ನಾಡಿದ್ದರಿಂದ ಮೂರ ದಿನ ರಜಾ. ಮಗಳ ಕೂಸಿನ ತೊಟ್ಟಲ ಕಾರ್ಯ ಐತಿ. ಮಶೀನಿಗೂ ರಜಾ ಇರತೈತಿ, ಹೌದಿಲ್ಲೋ?”

“ಮೂರು ದಿನಾ?” ಬೀಳಗಿಯವರ ಮುಖ ಬಿಳಿಚಿತು. “ಮೂರನೇ ದಿನಾನ ಬ್ಯಾಂಕಿನವರು ನೋಡಾಕ ಬರ್ತಾರ!”

“ಅದಕ್ಕ ನಾನೇನ್ ಮಾಡ್ಲಿ? ಕೂಸು ಬ್ಯಾಂಕ್ ಕೇಳಿ ಹುಟ್ಟೇತೇನು?”

ರಜೆಯ ಮೂರನೆಯ ದಿನ ಬೆಳಗ್ಗೆ ಏಳಕ್ಕೆ ಬಟ್ಟೆ ಬಜಾರಿನವರು ತಲೆಯೆತ್ತಿ ನೋಡಿದರು. ಪ್ಯಾಂಟು ಮೊಣಕಾಲವರೆಗೆ ಮಡಚಿದ ಪ್ರಭುಲಿಂಗ ಬೀಳಗಿಯವರು ಹೊಸ ನಲ್ಲಿಯಿಂದ ನೀರು ಹಿಡಿಯುತ್ತಿದ್ದರು. ಪದಕ ಪಡೆದ ವಿಜ್ಞಾನಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎಪ್ಪತ್ತನೆಯ ಫಲಕ ಉಜ್ಜುತ್ತಿದ್ದರು. ಇನ್ನೂ ನೂರಿಪ್ಪತ್ತೆರಡು ಉಳಿದಿದ್ದವು. ಕಟ್ಟೆಗೆ ಒರಗಿಸಿಟ್ಟ ಫೋನಿನ ಪರದೆಯಲ್ಲಿ ನಿಂಬೆವ್ವ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಇಬ್ಬರನ್ನೂ ನೋಡುತ್ತಿದ್ದಳು.

“ಅಕ್ಕಾರ, ಪಾತ್ರಿ ತಿಕ್ಕಿದಂಗ ತಿಕ್ಕಬ್ಯಾಡ್ರಿ, ಗೆರಿ ಬೀಳ್ತಾವ. ಸಾವ್ಕಾರ್ರ, ನೀವೂ ನೋಡ್ರಿಲ್ಲೆ.” ಆಕೆ ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ ಕೂಸಿನ ಕೆನ್ನೆಯನ್ನು ಹಗುರವಾಗಿ ಒರೆಸಿದಳು. ಕೂಸು ಎಚ್ಚರಗೊಳ್ಳಲಿಲ್ಲ. “ಹಿಂಗ.”