ಕ್ಲಚ್ ಇಲ್ಲದ ಕಾರಿನವರು

"ಹಾಫ್ ಕ್ಲಚ್ ಹಿಡೀರಿ ಸಾರ್! ಹಿಂದಕ್ಕೆ ಬರ್ತಿದೀರಿ!"

ಕಿಟಕಿಯಿಂದ ತಲೆ ಹೊರಗೆ ಹಾಕಿ ಹಾಗೆ ಕೂಗಿದವಳು ನಾನೇ.

ಬೋಗಾದಿ ರಸ್ತೆಯ ಏರಿನಲ್ಲಿ ನಮ್ಮ ಮುಂದಿದ್ದ ಪುಟ್ಟ ಬಿಳಿ ಕಾರು ಒಂದಡಿ ಹಿಂದಕ್ಕೆ ಜಾರಿತು. ಏನೋ ಯೋಚನೆ ಮಾಡಿತು. ಮತ್ತೆ ಅರ್ಧ ಅಡಿ ಜಾರಿ ನಿಂತಿತು. ನನ್ನ ಪಕ್ಕದಲ್ಲಿ ಸ್ಟೀರಿಂಗ್ ಹಿಡಿದಿದ್ದವಳು ಮೂರನೇ ದಿನದ ಕ್ಲಾಸಿನ ಹುಡುಗಿ. ಹೆದರಿ ಎರಡೂ ಕಾಲಲ್ಲಿ ಬ್ರೇಕ್ ಒತ್ತಿದ್ದಳು. ನನ್ನದು ಡ್ರೈವಿಂಗ್ ಸ್ಕೂಲು. ಹದಿಮೂರು ವರ್ಷದಿಂದ ಎಡಗಡೆ ಸೀಟಿನಲ್ಲಿ ಕೂತು ಕಾರು ಕಲಿಸುತ್ತಿದ್ದೇನೆ. ಏರಿನಲ್ಲಿ ಗಾಡಿ ಹಿಂದಕ್ಕೆ ಬಿಡುವವರನ್ನು ಕಂಡರೆ, ಅವರು ನನ್ನ ವಿದ್ಯಾರ್ಥಿಗಳಲ್ಲದಿದ್ದರೂ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಮುಂದಿನ ಕಾರಿನ ಬಾಗಿಲು ತೆರೆಯಿತು. ಮೊದಲು ಒಂದು ಉದ್ದನೆಯ ಕಾಲು ಬಂತು, ಆಮೇಲೆ ಇನ್ನೊಂದು, ಆಮೇಲೆ ಬಗ್ಗಿಸಿದ ತಲೆ. ಅಷ್ಟು ಚಿಕ್ಕ ಕಾರಿನಿಂದ ಅಷ್ಟು ಎತ್ತರದ ಮನುಷ್ಯ ಇಳಿಯುವುದನ್ನು ನೋಡಿ ನನ್ನ ಹುಡುಗಿ ಭಯ ಮರೆತು ನಕ್ಕುಬಿಟ್ಟಳು.

"ಮೇಡಂ," ಎಂದರು ಅವರು, ಕನ್ನಡಕ ಸರಿಮಾಡಿಕೊಳ್ಳುತ್ತ. "ಹಿಡಿಯೋಣ ಅಂದ್ರೆ ಇದ್ರಲ್ಲಿ ಕ್ಲಚ್ಚೇ ಇಲ್ಲ ಕಣ್ರೀ."

ಆಟೋಮ್ಯಾಟಿಕ್ ಕಾರು! ನನ್ನ ಮುಖ ಬಿಸಿಯಾಯಿತು. ಅವರ ತುಟಿ ನಗಲಿಲ್ಲ. ಆದರೆ ಕನ್ನಡಕದ ಹಿಂದಿನ ಕಣ್ಣುಗಳು ಚೆನ್ನಾಗಿಯೇ ನಗುತ್ತಿದ್ದವು.

ಮಾರನೆಯ ದಿನ ಫೋನು ಬಂತು. "ಕ್ಲಚ್ ಇಲ್ಲದ ಕಾರಿನವನು ಮಾತಾಡ್ತಿರೋದು."

"ನನ್ನ ನಂಬರ್ ಎಲ್ಲಿ ಸಿಕ್ತು?"

"ನಿಮ್ಮ ಕಾರಿನ ಮೇಲೆ ಬರ್ದಿತ್ತಲ್ಲ. ದೂರದ ಅಕ್ಷರ ಓದ್ಸೋದೇ ನನ್ನ ಕಸುಬು."

ಸಂಜೆ ಶ್ರೀರಾಂಪುರದ ನನ್ನ ಆಫೀಸಿಗೆ ಬಂದರು. ಹೆಸರು ಮಹದೇವಸ್ವಾಮಿ. ಮನೆ ಬೋಗಾದಿಯಲ್ಲಿ, ಕನ್ನಡಕದ ಅಂಗಡಿ ಬನ್ನಿಮಂಟಪದಲ್ಲಿ. ವಯಸ್ಸು ನಲವತ್ತು, ನನಗಿಂತ ಮೂರು ಹೆಚ್ಚು. ಮದುವೆಯಾಗಿಲ್ಲ. ಇದನ್ನು ನಾನು ಕೇಳಲಿಲ್ಲ. ಜೊತೆಗೆ ಬಂದಿದ್ದ ಅವರ ತಾಯಿ ಮಂಗಳಮ್ಮ ಕುಡಿಯಲು ಕೊಟ್ಟ ನೀರನ್ನು ಮುಟ್ಟುವ ಮೊದಲೇ ಹೇಳಿಬಿಟ್ಟರು.

"ಕಾರು ಹೆಂಗಿದೆ ಅಮ್ಮ?" ಎಂದೆ, ಮಾತು ತಿರುಗಿಸಲು.

"ಅದು ಕಾರಾ? ಡಬ್ಬಿ ಕಣಮ್ಮ. ಮುಂದೆ ಇವನು ಕೂತ್ರೆ ಹಿಂದೆ ನನ್ನ ಮಂಡಿ ಗಲ್ಲಕ್ಕೆ ತಾಕ್ತದೆ. ಹಳ್ಳಿ ಕಡೆ ಕಣ್ಣಿನ ಕ್ಯಾಂಪಿಗೆ ಹೋದ್ರೆ ಕನ್ನಡಕದ ಗಾಜಿನ ಪೆಟ್ಟಿಗೆ ನನ್ನ ತೊಡೆ ಮೇಲೆ. ಎ.ಸಿ. ಹಾಕುದ್ರೆ ಏರು ಹತ್ತಲ್ಲ. ಏರು ಹತ್ಲಿ ಅಂದ್ರೆ ನಾವು ಬೇಯ್ಬೇಕು."

"ಅದಕ್ಕೇ ಇದನ್ನ ಎಕ್ಸ್‌ಚೇಂಜ್‌ಗೆ ಕೊಟ್ಟು ಬೇರೆ ಮಾಡೆಲ್ ತಗೋತೀನಿ," ಎಂದರು ಸ್ವಾಮಿ. "ಗೇರ್ ಇರೋದೇ ತಗೋತೀನಿ. ಲೈಸೆನ್ಸ್ ಮಾಡ್ಸಿ ಹದಿನೈದು ವರ್ಷ ಆಯ್ತು, ಕ್ಲಚ್ ಮರ್ತೋಗಿದೆ. ನೀವು ಕಲಿಸ್ಬೇಕು."

ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸುವುದು ವ್ಯಾಪಾರವಲ್ಲ. ಆದರೂ ನಿಜ ಹೇಳಿದೆ. "ಆಟೋಮ್ಯಾಟಿಕ್ ಎಲ್ಲಾ ಹಿಂಗಿರಲ್ಲ ಸಾರ್. ಸ್ವಲ್ಪ ದೊಡ್ಡ ಎಂಜಿನ್ ಇರೋದು ತಗೊಳ್ಳಿ, ಆರಾಮಾಗಿ ಹತ್ತತ್ತೆ. ಈ ವಯಸ್ಸಲ್ಲಿ ಎಡಗಾಲಿಗೆ ಯಾಕೆ ತೊಂದ್ರೆ?"

"ಈ ವಯಸ್ಸು ಅಂದ್ರೆ?"

"ಅಂದ್ರೆ... ಹತ್ತು ಕ್ಲಾಸ್. ನಾಳೆ ಬೆಳಿಗ್ಗೆ ಆರೂವರೆಗೆ ಬನ್ನಿ."

ಅವರು ತಾಯಿಯ ಕಡೆ ನೋಡಿದರು. ತಾಯಿ ಆಗ ನೀರು ಕುಡಿದರು.

ಬೆಳಗಿನ ಆರೂವರೆಗೆ ಮೈಸೂರು ಬಹಳ ಚೆನ್ನಾಗಿರುತ್ತದೆ. ರಸ್ತೆ ಅಗಲವಾಗಿ ಕಾಣುತ್ತದೆ, ಮರಗಳ ಕೆಳಗೆ ಬಿಸಿಲು ಚೂರು ಚೂರಾಗಿ ಬಿದ್ದಿರುತ್ತದೆ. ಹದಿಮೂರು ವರ್ಷದಿಂದ ಅದೇ ಬಿಸಿಲು ನೋಡುತ್ತಿದ್ದವಳು ಆ ವಾರ ಯಾಕೋ ಹೊಸದಾಗಿ ನೋಡಿದೆ.

ಸ್ವಾಮಿ ಬೇಗ ಕಲಿತರು. ನಾಲ್ಕನೇ ದಿನಕ್ಕೆ ಗೇರು ಸದ್ದಿಲ್ಲದೆ ಬೀಳುತ್ತಿತ್ತು. ಕನ್ನಡಿ ನೋಡಿ ಎಂದರೆ ನೋಡುತ್ತಿದ್ದರು. ಎಡಗಡೆ ಕನ್ನಡಿಯನ್ನು ಮಾತ್ರ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನೋಡುತ್ತಿದ್ದರು. ಆ ಕನ್ನಡಿಗೂ ಅವರಿಗೂ ನಡುವೆ ಇದ್ದವಳು ನಾನು.

"ರಸ್ತೆ ಮುಂದಿದೆ ಸಾರ್."

"ನೀವು ಬೋರ್ಡ್ ಓದ್ವಾಗ ಎಡಗಣ್ಣು ಕಿರಿದು ಮಾಡ್ತೀರಿ. ಗೊತ್ತಾ?"

"ಬಿಸಿಲಿಗೆ."

"ಬಿಸಿಲಿಗಲ್ಲ. ಅಂಗಡಿಗೆ ಬನ್ನಿ."

ಹೋದೆ. ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಮೂಗಿನ ಮೇಲೆ ಭಾರದ ಫ್ರೇಮ್ ಇಟ್ಟು, ಒಂದೊಂದೇ ಗಾಜು ಬದಲಿಸಿದರು. ಪ್ರತಿ ಸಲವೂ ಅವರ ಮುಖ ಒಂದು ಗೇಣು ದೂರಕ್ಕೆ ಬರುತ್ತಿತ್ತು. ಅವರ ಅಂಗಿಯಿಂದ ಇಸ್ತ್ರಿಯ ವಾಸನೆ ಬರುತ್ತಿತ್ತು. ನನ್ನ ಕಣ್ಣನ್ನು ಅಷ್ಟು ಗಮನವಿಟ್ಟು ನೋಡುತ್ತಿದ್ದವರು, ನಾನು ಅವರನ್ನು ನೋಡುತ್ತಿದ್ದುದನ್ನು ಕಾಣದವರಂತೆ ಇದ್ದರು.

"ಕೊನೇ ಸಾಲು ಓದಿ."

ಓದಿದೆ. ಧ್ವನಿ ಸ್ವಲ್ಪ ಒಣಗಿತ್ತು.

"ಈಗ ಚೆನ್ನಾಗಿ ಕಾಣ್ತಿದೆಯಾ?"

"ಕಾಣ್ತಿದೆ," ಎಂದೆ. ಆಗ ನಾನು ಅಕ್ಷರದ ಬೋರ್ಡನ್ನು ನೋಡುತ್ತಿರಲಿಲ್ಲ.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ನನಗೆ ಮೂರು ಸಲ ಗಂಡು ಗೊತ್ತಾಗುವಷ್ಟು ಮಾತು ಮುಂದುವರಿದಿತ್ತು. ಮೂರೂ ಸಲ ಕೊನೆಗೆ ಅದೇ ಪ್ರಶ್ನೆ ಬಂತು: "ಮದುವೆ ಆದ್ಮೇಲೆ ಈ ಕೆಲಸ ಬಿಡ್ತೀಯ ಅಲ್ವಾ? ಯಾರ್ಯಾರದೋ ಪಕ್ಕ ಕೂತು ಊರು ಸುತ್ತೋದು..." ಮೂರೂ ಸಲ ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಕೆಲಸ ಬಿಟ್ಟು ಮದುವೆ ಬೇಡ ಎಂದು ತೀರ್ಮಾನ ಮಾಡಿ, ನೆಮ್ಮದಿಯಾಗಿಯೇ ಇದ್ದೆ. ಈಗ ಹತ್ತು ಕ್ಲಾಸಿನ ಒಬ್ಬ ಮನುಷ್ಯ ಆ ನೆಮ್ಮದಿಯನ್ನು ಕದಡಿದ್ದ. ಕ್ಲಾಸು ಮುಗಿದರೆ ಬರುವುದಿಲ್ಲ. ಬಂದರೂ ಇವರೂ ಅದೇ ಪ್ರಶ್ನೆ ಕೇಳುತ್ತಾರೋ ಏನೋ.

ಏಳನೇ ದಿನದಿಂದ ವಿಚಿತ್ರ ಶುರುವಾಯಿತು. ಚೆನ್ನಾಗಿ ಓಡಿಸುತ್ತಿದ್ದವರ ಕಾರು ಸಿಗ್ನಲ್ಲಿನಲ್ಲಿ, ತಿರುವಿನಲ್ಲಿ ಆಫ್ ಆಗತೊಡಗಿತು.

"ಅಯ್ಯೋ, ಇನ್ನೂ ಬಂದಿಲ್ಲ ನೋಡಿ ನನಗೆ. ಇನ್ನೊಂದು ಹತ್ತು ಕ್ಲಾಸ್ ಬೇಕೇನೋ."

ನಮ್ಮ ಡ್ರೈವಿಂಗ್ ಸ್ಕೂಲ್ ಕಾರುಗಳಲ್ಲಿ ಎಡಗಡೆಯೂ ಕ್ಲಚ್, ಬ್ರೇಕ್ ಇರುತ್ತವೆ. ಕಲಿಯುವವರ ಪೆಡಲಿಗೂ ನಮ್ಮ ಪೆಡಲಿಗೂ ಕೆಳಗೆ ಸರಳಿನ ಜೋಡಣೆ. ಅವರು ಒತ್ತಿದರೆ ನನ್ನದೂ ಇಳಿಯುತ್ತದೆ, ಅವರು ಬಿಟ್ಟರೆ ನನ್ನದೂ ಏಳುತ್ತದೆ. ಎದುರಿಗೆ ಕೂತವರ ಮುಖ ನೋಡಿ ಜನ ಮನಸ್ಸು ತಿಳಿಯುತ್ತಾರೆ. ನನಗೆ ಅಂಗಾಲಿನಲ್ಲಿ ತಿಳಿಯುತ್ತದೆ. ಬರದವರ ಕಾಲು ನಡುಗುತ್ತ ಏಳುತ್ತದೆ. ಸ್ವಾಮಿಯವರ ಕಾಲು ಹಾಗಲ್ಲ. ಎಂಜಿನ್ ಹಿಡಿಯುವ ಜಾಗದವರೆಗೆ ನಿಧಾನವಾಗಿ ಬಂದು, ಅಲ್ಲಿ ಅಲುಗಾಡದೆ ನಿಂತು, ಆಮೇಲೆ ಫಟ್ ಎಂದು ಬಿಡುತ್ತಿತ್ತು. ಅಷ್ಟು ಸರಿಯಾಗಿ ತಪ್ಪು ಮಾಡಬೇಕಾದರೆ ಕೆಲಸ ಚೆನ್ನಾಗಿ ಬರಬೇಕು.

ಎಂಟನೇ ದಿನ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅದು ನನ್ನ ತಪ್ಪು. ಅದರಲ್ಲಿ ನನಗೂ ಖುಷಿಯಿತ್ತು.

ಒಂಬತ್ತನೇ ದಿನ ಬನ್ನಿಮಂಟಪದ ಸರ್ಕಲ್ಲಿನಲ್ಲಿ ಮತ್ತೆ ಆಫ್ ಮಾಡಿದರು. ಹಿಂದೆ ಬಸ್ಸೊಂದು ಕಿರುಚಿ ಬ್ರೇಕ್ ಹಾಕಿ, ನಮ್ಮಿಂದ ಮೊಳ ದೂರದಲ್ಲಿ ನಿಂತಿತು. ಡ್ರೈವರ್ ಬೈದದ್ದು ಇಡೀ ಸರ್ಕಲ್ಲಿಗೆ ಕೇಳಿಸಿತು.

ಕಾರನ್ನು ಪಕ್ಕಕ್ಕೆ ಹಾಕಿಸಿದೆ.

"ಬೇಕೂಂತ ಮಾಡಿದ್ರಿ."

ಅವರು ಸ್ಟೀರಿಂಗ್ ನೋಡುತ್ತ ಕೂತರು. "ಹೌದು."

"ಯಾಕೆ?"

"ಹತ್ತು ಕ್ಲಾಸ್ ಮುಗಿದ್ರೆ ಆಮೇಲೆ..."

"ಆಮೇಲೆ ಏನು ಅಂತ ಬಾಯಿಬಿಟ್ಟು ಕೇಳ್ಬೇಕು ಸ್ವಾಮಿ. ಬಸ್ಸಿನ ಮುಂದೆ ಎಂಜಿನ್ ಆಫ್ ಮಾಡಿ ಅಲ್ಲ. ನಿಮ್ಮ ಕ್ಲಾಸ್ ಮುಗೀತು. ನಾಳೆ ಬರ್ಬೇಡಿ."

ಅವರು ಇಳಿದರು. ಬಾಗಿಲನ್ನು ಮೆಲ್ಲಗೆ ಹಾಕಿದರು. ಧಡ್ ಎಂದು ಹಾಕಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂರು ದಿನ ಫೋನಿಲ್ಲ. ಆರೂವರೆಯ ಜಾಗಕ್ಕೆ ಬೇರೆ ಹುಡುಗಿಯನ್ನು ಹಾಕಿಕೊಂಡೆ. ಅವಳ ಹೆಸರನ್ನು ಎರಡು ಸಲ ತಪ್ಪು ಕರೆದೆ. ನಾಲ್ಕನೇ ದಿನ ಮಂಗಳಮ್ಮ ಫೋನ್ ಮಾಡಿದರು.

"ನಾಡಿದ್ದು ಭಾನುವಾರ ಕಾರ್ ನೋಡಕ್ಕೆ ಹೋಗ್ತಿದೀವಿ ಕಣಮ್ಮ. ತಿಳಿದೋರು ಒಬ್ರು ಜೊತೇಲಿ ಇರ್ಬೇಕಲ್ವಾ? ಹೋದ್ಸಲ ಹಂಗೇ ಹೋಗಿ ಡಬ್ಬಿ ತಂದ. ನೀನು ಬಂದ್ಬುಡು."

"ಅವರು ಹೇಳಿದ್ರಾ ಕರೀರಿ ಅಂತ?"

"ಅವನು ಮೂರು ದಿನದಿಂದ ಉಪ್ಪಿಲ್ಲದ ಸಾರು ಮಾಡ್ತಾವ್ನೆ. ಅಷ್ಟೇ ನಂಗೆ ಗೊತ್ತಿರೋದು."

ಕ್ಲಾಸಿನ ಪಟ್ಟಿಯಲ್ಲಿ ಭಾನುವಾರಕ್ಕೆ ಗೆರೆ ಎಳೆದು ಹೇಳಿದೆ: "ಬರ್ವಾಗ ಆ ಗಾಜಿನ ಪೆಟ್ಟಿಗೆ ತಗೊಂಡು ಬನ್ನಿ ಅಮ್ಮ."

ಶೋರೂಮಿನ ಹುಡುಗ ದಿಲೀಪ್ ಟೈ ಕಟ್ಟಿಕೊಂಡು ಕಾದಿದ್ದ. ಕಾರು ಗೇರಿನದೇ, ಸ್ವಲ್ಪ ಎತ್ತರದ್ದು, ಹಿಂದೆ ಕಾಲು ಚಾಚುವಷ್ಟು ಜಾಗ. ಅವನು ಟಚ್ ಸ್ಕ್ರೀನ್ ತೋರಿಸಲು ಹೊರಟ. ನಾನು ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಇಡಿಸಿದೆ. ಹಿಡಿಯಿತು, ಪಕ್ಕದಲ್ಲಿ ಇನ್ನೂ ಒಂದಕ್ಕೆ ಜಾಗ ಉಳಿಯಿತು. ಮಂಗಳಮ್ಮನನ್ನು ಹಿಂದೆ ಕೂರಿಸಿ ಮಂಡಿಯ ಮುಂದೆ ಕೈ ಆಡಿಸಿ ನೋಡಿದೆ. ಸ್ವಾಮಿ ಡ್ರೈವರ್ ಸೀಟಿನಲ್ಲಿ ಕೂತರು. ತಲೆಯ ಮೇಲೆ ನಾಲ್ಕು ಬೆರಳಷ್ಟು ಗಾಳಿ. ನಮಸ್ಕಾರ ಬಿಟ್ಟರೆ ಅವರೂ ನಾನೂ ಮಾತಾಡಿರಲಿಲ್ಲ.

"ಎ.ಸಿ. ಫುಲ್ ಹಾಕಿ," ಎಂದೆ, ಅವರ ಪಕ್ಕ ಕೂತು. "ಏರು ಇರೋ ಕಡೆ ಹೋಗಿ."

ರಿಂಗ್ ರೋಡ್ ದಾಟಿ ಹೊಸ ಲೇಔಟಿನ ಖಾಲಿ ಏರುರಸ್ತೆಗೆ ಬಂದೆವು. ದಿಲೀಪ್ ಸೇರಿ ನಾಲ್ಕು ಜನ, ಪೆಟ್ಟಿಗೆ, ತಣ್ಣನೆಯ ಗಾಳಿ. ಕಾರು ಗೊಣಗದೆ ಹತ್ತಿತು.

"ನಡುವೆ ನಿಲ್ಸಿ. ಈಗ ಗಾಡಿ ಎತ್ತಿ."

ಎತ್ತಿದರು. ಒಂದು ಅಂಗುಲವೂ ಹಿಂದಕ್ಕೆ ಬರಲಿಲ್ಲ. ಆದರೆ ಹತ್ತು ಮಾರು ಹೋದವರು ಪಕ್ಕಕ್ಕೆ ಹಾಕಿ, ತಾವೇ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದರು.

"ಈ ಮಾಡೆಲ್‌ನಲ್ಲಿ ಆರು ಏರ್‌ಬ್ಯಾಗ್ ಬರತ್ತೆ ಸಾರ್, ಆಮೇಲೆ..." ಎನ್ನುತ್ತಿದ್ದ ದಿಲೀಪ್.

"ಒಂದ್ನಿಮಿಷ ಇರಪ್ಪ," ಎಂದು ಸ್ವಾಮಿ ನನ್ನ ಕಡೆ ತಿರುಗಿದರು. ಕನ್ನಡಕ ತೆಗೆದರು. ಅದಿಲ್ಲದ ಆ ಕಣ್ಣುಗಳನ್ನು ನಾನು ಮೊದಲ ಸಲ ನೋಡಿದ್ದು. ಭಯಪಟ್ಟಿದ್ದವು, ಆದರೆ ತಪ್ಪಿಸಿಕೊಳ್ಳಲಿಲ್ಲ. "ಬಾಯಿಬಿಟ್ಟು ಕೇಳ್ಬೇಕು ಅಂದ್ರಿ. ಸುಚಿತ್ರಾ ಅವರೇ, ನನ್ನ ಮದ್ವೆ ಆಗ್ತೀರಾ?"

ದಿಲೀಪ್ ಕಿಟಕಿಯ ಹೊರಗೆ ನೋಡತೊಡಗಿದ.

ಆಗಲೇ ಒಪ್ಪಿಬಿಡೋಣ ಅನ್ನಿಸಿತು. ಆದರೂ ಹೇಳಬೇಕಾದ್ದನ್ನು ಹೇಳಿದೆ. "ನಾನು ಐದೂವರೆಗೆ ಮನೆ ಬಿಡ್ತೀನಿ. ಬರೋದು ಹತ್ತಕ್ಕೆ. ಸಂಜೆ ಮತ್ತೆ ಮೂರು ಗಂಟೆ ಕ್ಲಾಸು. ಅದನ್ನ ನಿಲ್ಸಲ್ಲ."

"ಗೊತ್ತು. ಅಂಗಡಿ ತೆಗೆಯೋದು ಹತ್ತೂವರೆಗೆ. ಅಷ್ಟ್ರಲ್ಲಿ ತಿಂಡಿ ಮಾಡಿಟ್ಟಿರ್ತೀನಿ. ಈಗ್ಲೂ ಅಡುಗೆ ನನ್ನದೇ."

"ದೋಸೆ ಪರ್ವಾಗಿಲ್ಲ ಕಣಮ್ಮ," ಎಂದರು ಹಿಂದಿನಿಂದ ಮಂಗಳಮ್ಮ. "ಉಪ್ಪಿಟ್ಟು ಮಾತ್ರ ಮುಟ್ಬೇಡ."

ನಾನು ಅವರ ಕಡೆ ತಿರುಗಿದೆ. "ಸೊಸೆ ದಿನಾ ಬೀದಿ ಸುತ್ತಿದ್ರೆ ನಿಮಗೇನೂ ಬೇಜಾರಿಲ್ವಾ ಅಮ್ಮ?"

"ಸುತ್ತದೆ ಕೂತಿದ್ದಕ್ಕೇ ನನ್ನ ಮಂಡಿ ಹಿಡ್ಕೊಂಡಿರೋದು. ನೀನು ಸುತ್ತು. ಒಂದೊಂದ್ಸಲ ನನ್ನೂ ಹತ್ತಿಸ್ಕೊ."

ಹದಿಮೂರು ವರ್ಷದಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಸ್ವಾಮಿ ಇನ್ನೂ ಕನ್ನಡಕ ಕೈಯಲ್ಲಿ ಹಿಡಿದುಕೊಂಡೇ ಕಾಯುತ್ತಿದ್ದರು.

"ಹಾಕ್ಕೊಳ್ಳಿ ಅದನ್ನ," ಎಂದೆ. "ಗಾಡಿ ಓಡಿಸ್ಬೇಕಲ್ಲ. ನನಗೆ ಒಪ್ಪಿಗೆ."

"ಕಾರಾ ಮೇಡಂ?" ಎಂದ ದಿಲೀಪ್, ತಡೆಯಲಾರದೆ.

"ಎರಡೂ ಕಣಪ್ಪ," ಎಂದರು ಮಂಗಳಮ್ಮ.

ವಾಪಸ್ಸು ಬರುವಾಗ ಸ್ವಾಮಿ ಇಡೀ ದಾರಿ ಎರಡನೇ ಗೇರಿನಲ್ಲೇ ಬಂದರು. ಆಟೋಗಳು ದಾಟಿ ಹೋದವು, ಸ್ಕೂಟರುಗಳು ದಾಟಿ ಹೋದವು, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೂ ಒಮ್ಮೆ ತಿರುಗಿ ನೋಡಿ ದಾಟಿ ಹೋದ. ಮುಂದಿನ ರಸ್ತೆ ಮೂರನೇ ಗೇರು ಹಾಕುವಷ್ಟು ಖಾಲಿಯಿತ್ತು. ಬೇರೆ ಯಾರಾದರೂ ಆಗಿದ್ದರೆ ಎಷ್ಟು ಬೈಯುತ್ತಿದ್ದೆನೋ.

ನಾನು ಏನೂ ಹೇಳಲಿಲ್ಲ.