ಪೈಪಿಗಾಗಿ ಬಂದವನು

"ಎಲ್ಲಾರೂ ಕೆಳಗೆ ಬಗ್ಗಿ! ಉಸಿರು ಬಿಗಿ ಹಿಡೀರಿ!"

ಹಿತ್ತಲ ಬಚ್ಚಲಿನ ಬಾಗಿಲು ಧಡಾರನೆ ತೆರೆದುಕೊಂಡಿತು.

ಚೈತನ್ಯಾ ಬಗ್ಗಲಿಲ್ಲ. ಅವಳು ಆಗಲೇ ಹಂಡೆಯ ಒಲೆಯ ಮುಂದೆ ಬಗ್ಗಿ ಕೂತು ಊದುಕೊಳವೆ ಊದುತ್ತಿದ್ದಳು. ಅಜ್ಜಿ ಗುರುಬಸಮ್ಮ ನೆತ್ತಿಗೆ ತಟ್ಟಿದ್ದ ಹರಳೆಣ್ಣೆ ಹುಬ್ಬು ದಾಟಿ ಕಣ್ಣಿಗೆ ಇಳಿಯುತ್ತಿತ್ತು. ಮೈಮೇಲೆ ಬಣ್ಣ ಹೋದ ನೈಟಿ, ಅದರ ಮೇಲೊಂದು ಟವೆಲ್. ಒದ್ದೆ ತೆಂಗಿನ ಗರಿ ಉರಿಯುವ ಬದಲು ಹೊಗೆ ಕಾರುತ್ತಿತ್ತು.

ಬಾಗಿಲಲ್ಲೊಬ್ಬ ಗಂಡಸು! ತಲೆಗೆ ಹಳದಿ ಹೆಲ್ಮೆಟ್, ಮೂಗಿಗೆ ಕರವಸ್ತ್ರ, ಕೈಯಲ್ಲಿ ಕೆಂಪು ಸಿಲಿಂಡರ್.

"ರೀ ರೀ, ನಿಲ್ಲಿ..."

ಬುಸ್ಸ್‌ಸ್!

ಒಲೆ, ಹಂಡೆ, ಗೋಡೆ, ಚೈತನ್ಯಾ... ಎಲ್ಲಕ್ಕೂ ಒಂದೇ ಬಿಳಿ ಪುಡಿ. ಬೆಂಕಿ ಆರಿತು. ಚೈತನ್ಯಾ ಹೊತ್ತಿಕೊಂಡಳು.

"ಇದು ಹಂಡೆ ಒಲೆ ಕಣ್ರೀ! ಇವತ್ತು ನರಕ ಚತುರ್ದಶಿ! ಸ್ನಾನಕ್ಕೆ ನೀರು ಕಾಯಿಸ್ತಿದೀವಿ!"

ಅವನು ಹಂಡೆಯನ್ನು ನೋಡಿದ. ಹಂಡೆಯ ಕೊರಳಿಗೆ ಕಟ್ಟಿದ್ದ ಹೂವನ್ನು ನೋಡಿದ. ಕೊನೆಗೆ ಅವಳನ್ನು ನೋಡಿದ.

"ಗೀಸರ್ ಇಲ್ವಾ ಮೇಡಮ್?"

"ಇದೆ!"

"ಮತ್ತೆ...?"

"ಗೀಸರ್ ನೀರಿಗೆ ಎಣ್ಣೆ ಜಿಡ್ಡು ಬಿಡುತ್ತೇನಪ್ಪಾ?" ಹಿಂದಿನಿಂದ ಅಜ್ಜಿ ಬಂದರು. "ವರ್ಷಕ್ಕೊಂದು ದಿನ ಹಂಡೆ ನೀರು. ಯಾರ ಮಗ ನೀನು?"

"ಆಂಜಿನಯ್ಯನವರ ಮಗ, ಅಮರ್. ನಾವು ಬಡಾವಣೆಯ ಅಗ್ನಿ ಸ್ವಯಂಸೇವಕರು. ಹೊಗೆ ಕಂಡು ಪಕ್ಕದ ಮನೆಯವ್ರು ಫೋನ್ ಮಾಡಿದ್ರು."

"ಒಂದು ಮಾತು ಕೇಳ್ಬೋದಿತ್ತಲ್ವಾ?" ಚೈತನ್ಯಾ ಬಾಯಿಂದ ಪುಡಿ ಉಗುಳಿದಳು.

"ಇಂಥ ಹೊತ್ತಲ್ಲಿ ಕೇಳಿದ್ರೆ ಉತ್ತರ ಕೊಡೋರು ಕಮ್ಮಿ ಮೇಡಮ್." ಅವನು ಕರವಸ್ತ್ರ ಇಳಿಸಿದ. ನಗು ತಡೆದುಕೊಂಡು ತುಟಿಯ ಅಂಚು ನಡುಗುತ್ತಿತ್ತು. ಕಣ್ಣು ಮಾತ್ರ ಆಗಲೇ ನಕ್ಕುಬಿಟ್ಟಿತ್ತು.

'ಎಷ್ಟು ಚೆಂದದ ಕಣ್ಣು...' ಎಂದುಕೊಂಡಳು ಚೈತನ್ಯಾ. ಮರುಕ್ಷಣವೇ, 'ಥೂ! ತಲೆ ತುಂಬ ಅಂಟು, ಇದೆಂಥ ಯೋಚನೆ ನಂದು!'

ಎಣ್ಣೆಯೂ ಪುಡಿಯೂ ಸೇರಿ ಕೂದಲಿಗೆ ಗೋಂದು ಹಾಕಿದಂತಾಯಿತು. ಅಂದು ಮನೆಯ ಸೀಗೆಪುಡಿ ಡಬ್ಬ ತಳ ಕಂಡಿತು.

* * *

ಕ್ಷಮೆ ಕೇಳಲು ಅವನು ಮುಂದಿನ ಭಾನುವಾರ ಬಂದ. ಚಾಮರಾಜಪೇಟೆಯ ಆ ಅಡ್ಡರಸ್ತೆ ಎಷ್ಟು ಕಿರಿದೆಂದರೆ, ಎದುರುಮನೆಯ ಒಗ್ಗರಣೆಗೆ ಈ ಮನೆಯವರು ಸೀನುತ್ತಾರೆ. ಅಮರ್ ಗೇಟು ತೆಗೆದದ್ದನ್ನು ಬೀದಿಯೆಲ್ಲ ನೋಡಿತು.

"ಮೇಡಮ್, ಇನ್ನೊಂದು ವಿಷಯ..." ಕಾಫಿ ಲೋಟ ಹಿಡಿದು ತಡವರಿಸಿದ. "ದಳದ ಹತ್ರ ತುಂಬಿದ ಸಿಲಿಂಡರ್ ಇದ್ದಿದ್ದೇ ಒಂದು. ಅದು... ನಿಮ್ಮ ಮೇಲೆ ಖರ್ಚಾಯ್ತು."

"ಅಂದ್ರೆ? ನಾನು ತುಂಬಿಸ್ಕೊಡಬೇಕಾ?"

"ನೀವಲ್ಲ. ಸಂಘ. ನೀವು ನಿವಾಸಿಗಳ ಸಂಘದ ಖಜಾಂಚಿ ಅಂತ ನಿನ್ನೆ ಗೊತ್ತಾಯ್ತು."

ಓಹೋ... ಇದಾ ವಿಷಯ!

ಚೈತನ್ಯಾಳ ಎದೆಯೊಳಗೆ ಏನೋ ಸಣ್ಣಗೆ ಮುದುಡಿತು. ಅದೇನೂ ಹೊಸದಲ್ಲ. ಅವೆನ್ಯೂ ರಸ್ತೆಯಲ್ಲಿ ತಲೆಮಾರುಗಳಿಂದ ಕಾಗದದ ವ್ಯಾಪಾರ ಮಾಡಿದ ಮನೆ. ಲೆಕ್ಕ ಅವಳಿಗೆ ರಕ್ತದಲ್ಲೇ ಬಂದಿತ್ತು. ಮೂವತ್ತೈದು ದಾಟಿದ ಮೇಲೆ ಅವಳ ಮನೆ ಬಾಗಿಲು ತಟ್ಟಿದವರೆಲ್ಲ ಒಂದಲ್ಲ ಒಂದು ಕೆಲಸಕ್ಕೆ ಬಂದವರೇ. ಒಬ್ಬರಿಗೆ ಇನ್‌ಕಮ್ ಟ್ಯಾಕ್ಸು, ಇನ್ನೊಬ್ಬರಿಗೆ ಮಗಳ ಫೀಸಿನ ಸಾಲದ ಅರ್ಜಿ. 'ಚೈತನ್ಯಾ ತುಂಬ ಉಪಕಾರಿ' ಎನ್ನುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ತಾನೊಂದು ಒಳ್ಳೆಯ ಮಿಕ್ಸಿ ಎನಿಸುತ್ತಿತ್ತು. ಯಾರೂ ಸುಮ್ಮನೆ, ಅವಳಿಗಾಗಿ ಬಂದದ್ದಿಲ್ಲ.

"ಏನೇನು ಬೇಕು ಹೇಳಿ," ಎಂದಳು ಒಣ ದನಿಯಲ್ಲಿ.

ಅವನು ಹೇಳತೊಡಗಿದ. ಅಪ್ಪ ಆಂಜಿನಯ್ಯ ಅಗ್ನಿಶಾಮಕ ವಾಹನ ಓಡಿಸಿ ನಿವೃತ್ತರಾದವರು. ಇಂಥದೇ ಒಂದು ಗಲ್ಲಿಯ ಬಾಯಲ್ಲಿ ವಾಹನ ಸಿಕ್ಕಿಕೊಂಡು, ಒಳಗೆ ಮನೆ ಉರಿಯುವುದನ್ನು ಕೈಕಟ್ಟಿ ನೋಡಬೇಕಾದ ಕಥೆಯನ್ನು ಇವತ್ತಿಗೂ ಊಟದ ಮಧ್ಯೆ ನಿಲ್ಲಿಸಿ ಹೇಳುತ್ತಾರಂತೆ. ವಾಹನ ಬರುವವರೆಗೆ ಗಲ್ಲಿಯೊಳಗಿನವರೇ ನೀರು ಹಾಯಿಸಬೇಕು. ಅದಕ್ಕೇ ಈ ದಳ. ಮೆಟ್ರೋ ನಿಲ್ದಾಣದಲ್ಲಿ ಕೆಲಸ ಮಾಡುವ ಅಮರ್, ಬ್ಯಾಂಕಿನಲ್ಲಿರುವ ಅವನ ಚಿಕ್ಕಮ್ಮನ ಮಗಳು ಬಿಂದುಶ್ರೀ, ಮತ್ತೆ ಬೀದಿಯ ಕೆಲವರು. ಹೆಲ್ಮೆಟ್ಟು ಕಟ್ಟಡ ಕಟ್ಟುವವರದ್ದು. ಪೈಪಿಗೆ ಪಂಕ್ಚರ್ ಅಂಗಡಿಯಲ್ಲಿ ಸೈಕಲ್ ಟ್ಯೂಬಿನ ತೇಪೆ.

"ತೇಪೆ ನಿಲ್ಲುತ್ತಾ?"

"ನೀರು ಬಿಡೋವರೆಗೂ ನಿಲ್ಲುತ್ತೆ ಮೇಡಮ್."

ಚೈತನ್ಯಾ ನಗಬಾರದೆಂದುಕೊಂಡಿದ್ದಳು. ನಕ್ಕುಬಿಟ್ಟಳು.

ಆಮೇಲೆ ಪ್ರತಿ ಭಾನುವಾರ ತರಬೇತಿ ಮುಗಿಸಿ ಅವನು ಬಂದ. ಒಂದು ವಾರ ಪೈಪಿನ ವಿಷಯ, ಇನ್ನೊಂದು ವಾರ ಹೆಲ್ಮೆಟ್ಟಿನ ವಿಷಯ. ಮತ್ತೊಂದು ವಾರ ಯಾವ ವಿಷಯವೂ ನೆನಪಾಗದೆ, ಅಜ್ಜಿಯ ಜೊತೆ ಕೂತು ಅವರೆಕಾಯಿ ಸುಲಿದ.

'ಪೈಪಿಗೆ ಬರ್ತಿದಾನೆ ಅಷ್ಟೇ,' ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಭಾನುವಾರ ಬೆಳಿಗ್ಗೆ ಮಾತ್ರ ಕಾಟನ್ ಸೀರೆಗೆ ಇಸ್ತ್ರಿ ಬೀಳುತ್ತಿತ್ತು. ಪೈಪಿಗೆ ಇಸ್ತ್ರಿ ಸೀರೆ ಯಾಕೆ? ಆ ಪ್ರಶ್ನೆಯನ್ನು ಅವಳು ಕೇಳಿಕೊಳ್ಳಲೇ ಇಲ್ಲ.

* * *

ಸಂಘದ ಅಧ್ಯಕ್ಷ ನಾಗಭೂಷಣ್, ಚೈತನ್ಯಾಳ ಚಿಕ್ಕಪ್ಪ, ತಡವಾಗಿ ನಡೆಯಬೇಕಿದ್ದ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಗೊತ್ತು ಮಾಡಿಬಿಟ್ಟಿದ್ದರು. ಇದ್ದ ನಿಧಿ ಒಂದಕ್ಕೆ ಸಾಲುತ್ತಿತ್ತು: ಆರ್ಕೆಸ್ಟ್ರಾ ಇಲ್ಲವೇ ಪೈಪು.

"ಯಾವಾಗಲೋ ಬೀಳೋ ಬೆಂಕಿಗೆ ಈಗಲೇ ಪೈಪ್ ಯಾಕ್ರೀ?" ಎಂದರು ಅವರು.

"ಬಿದ್ದ ಮೇಲೆ ತರೋಕೆ ಟೈಮ್ ಸಿಗಲ್ಲ ಸರ್," ಎಂದ ಅಮರ್. "ಒಂದು ಪ್ರದರ್ಶನ ಕೊಡ್ತೀವಿ. ನೋಡಿ ತೀರ್ಮಾನ ಮಾಡಿ."

ಪ್ರದರ್ಶನದ ದಿನ ಬೀದಿಯೇ ಸೇರಿತು. ಹೊಗೆಯಲ್ಲಿ ಸಿಕ್ಕಿದವರನ್ನು ಹೆಗಲ ಮೇಲೆ ಹೊತ್ತು ತರುವುದು ಮೊದಲನೆಯದು. ಹೊರಿಸಿಕೊಳ್ಳಲು ಒಬ್ಬರು ಬೇಕು. ಬಿಂದುಶ್ರೀ ಚೈತನ್ಯಾಳತ್ತ ನೋಡಿದಳು. ಚೈತನ್ಯಾಳ ಕಿವಿ ಕೆಂಪಾಯಿತು. ಒಂದು ಹೆಜ್ಜೆ ಮುಂದಿಟ್ಟಳು... ಅಷ್ಟರಲ್ಲಿ ಅಜ್ಜಿ ಜಗಲಿಯಿಂದ ಎದ್ದರು.

"ನನ್ನ ಎತ್ತಪ್ಪಾ. ಮಂಡಿ ನೋವು, ಹೇಗೂ ಇಳಿಯೋಕಾಗಲ್ಲ."

ಅಮರ್ ಗುರುಬಸಮ್ಮನವರನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದ. ಅಜ್ಜಿ ತಲೆಕೆಳಗಾಗಿಯೇ ಎದುರುಮನೆಯವರಿಗೆ, "ಊಟ ಆಯ್ತೇನ್ರೀ?" ಎಂದು ವಿಚಾರಿಸಿದರು.

"ಏನವ್ವಾ ಇದು ಅವತಾರ?" ನಾಗಭೂಷಣ್ ತಾಯಿಯ ಕಿವಿಯಲ್ಲಿ ಗೊಣಗಿದರು. "ಅವರು ನಮ್ಮೋರಲ್ಲ..."

"ನಮ್ಮೋರು ಯಾರೂ ನನ್ನ ಇಷ್ಟು ಜೋಪಾನವಾಗಿ ಇಳಿಸಿಲ್ಲ ಕಣೋ. ನೀನಂತೂ ಆಟೋಗೂ ಕೈ ಹಿಡಿದು ಹತ್ತಿಸಲ್ಲ."

ಎರಡನೆಯದು ನೀರು. ಪಂಪು ಗುಡುಗಿತು. ಪೈಪು ಹಾವಿನಂತೆ ಉಬ್ಬಿತು. ಆಮೇಲೆ... ಫಟ್! ತೇಪೆ ಹಾರಿತು. ನೀರಿನ ಕಾರಂಜಿ ನೇರವಾಗಿ ಅಧ್ಯಕ್ಷರ ಕುರ್ಚಿಗೆ! ಅವರ ಇಸ್ತ್ರಿ ಮಾಡಿದ ಬಿಳಿ ಪಂಚೆ ಮೈಗಂಟಿತು. ಶಾಲು ಹೋಗಿ ಮಾವಿನ ಮರ ಸೇರಿತು.

ಬೀದಿ ಗೊಳ್ಳೆಂದಿತು. ಅಮರ್‌ನ ಮುಖ ಮಾತ್ರ ಸಪ್ಪಗಾಯಿತು. ಅದನ್ನು ಕಂಡು ಚೈತನ್ಯಾಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು.

"ಚಿಕ್ಕಪ್ಪಾ, ಒದ್ದೆಯಾಗಿದ್ದಕ್ಕೆ ಖುಷಿಪಡಿ. ನಿಮ್ಮ ಮನೆ ಉರೀತಿದ್ದಾಗ ಈ ತೇಪೆ ಹಾರಿದ್ರೆ? ಬೆಂಕಿ ಮುಂದೆ ನಿಂತು ಹಾಡು ಹೇಳೋಕೆ ಆರ್ಕೆಸ್ಟ್ರಾದವ್ರು ಬರ್ತಾರಾ?"

ಎಲ್ಲರೂ ಕೈ ಎತ್ತಿದರು. ಆರ್ಕೆಸ್ಟ್ರಾ ರದ್ದಾಯಿತು, ಪೈಪು ಪಾಸಾಯಿತು.

ಅಮರ್ ದೂರದಿಂದಲೇ ಅವಳತ್ತ ಕೈಮುಗಿದ. ಆ ಭಾನುವಾರ ಕಾಫಿಗೆ ಬರಲಿಲ್ಲ.

ಮುಂದಿನ ಭಾನುವಾರವೂ ಬರಲಿಲ್ಲ.

* * *

"ಆ ಹುಡುಗನಿಗೆ ಹುಷಾರಿಲ್ವೇನೇ?" ಎಂದರು ಅಜ್ಜಿ.

"ಪೈಪ್ ಸಿಕ್ತಲ್ಲ ಅಜ್ಜಿ. ಇನ್ನೇನು ಕೆಲಸ ಇಲ್ಲಿ?"

ನಗುತ್ತಲೇ ಅಂದಳು. ಆದರೆ ಒಳಗೆ... ಎಷ್ಟು ಅವಮಾನ! ಅವನೇನೂ ಮಾತು ಕೊಟ್ಟಿರಲಿಲ್ಲ, ಮಾತು ತಪ್ಪಿರಲೂ ಇಲ್ಲ. ಕೇಳಿದ್ದು ಪೈಪು, ತೆಗೆದುಕೊಂಡದ್ದು ಪೈಪು. ತಾನೇ ಅದರ ಸುತ್ತ ಇಷ್ಟೆಲ್ಲ ಕನಸು ಹೆಣೆದುಕೊಂಡಳಲ್ಲ! ಈ ವಯಸ್ಸಿನಲ್ಲಿ ಮನಸ್ಸು ಮುರಿದರೆ ಅಳಲೂ ನಾಚಿಕೆ. ಈರುಳ್ಳಿ ಹೆಚ್ಚುವಾಗ ಅಳಬಹುದು, ಅಷ್ಟೇ. ಆ ವಾರ ಮನೆಯಲ್ಲಿ ಎಲ್ಲಕ್ಕೂ ಈರುಳ್ಳಿ ಬಿತ್ತು.

"ಉಪ್ಪಿಟ್ಟಿಗೆ ಸರಿ," ಎಂದರು ಅಜ್ಜಿ. "ಪಾಯಸಕ್ಕೂ ಹೆಚ್ಚಿಕೊಂಡಿದೀಯಲ್ಲೇ?"

ಚೈತನ್ಯಾ ಚಾಕು ಕೆಳಗಿಟ್ಟಳು. ಕೇಳಿಬಿಡಬೇಕು! ಆಗುವುದು ಆಗಲಿ.

ಭಾನುವಾರ ಬೆಳಿಗ್ಗೆ ಚೂಡಿದಾರದ ವೇಲ್ ಸೊಂಟಕ್ಕೆ ಬಿಗಿದು ಬೀದಿಯ ತುದಿಗೆ ನಡೆದಳು. ದಳದವರು ಹೊಸ ಪೈಪು ಬಿಚ್ಚುತ್ತಿದ್ದರು. ಅಮರ್ ಅವಳನ್ನು ಕಂಡವನೇ ಬಿಚ್ಚಿದ ಪೈಪನ್ನು ಮತ್ತೆ ಸುತ್ತತೊಡಗಿದ.

"ನಾನೂ ದಳಕ್ಕೆ ಸೇರ್ತೀನಿ. ಕಲಿಸಿ."

"ಮೇಡಮ್, ನೀವು..."

"ಯಾಕೆ, ಖಜಾಂಚಿಗಳಿಗೆ ಬೆಂಕಿ ಸುಡಲ್ವಾ?"

ಬಿಂದುಶ್ರೀ ಕಿಸಕ್ಕನೆ ನಕ್ಕು ಅವಳ ತಲೆಗೊಂದು ಹೆಲ್ಮೆಟ್ ಇಟ್ಟಳು. "ಸೇರಿಸ್ಕೋ ಅಣ್ಣಾ. ನಮಗೂ ಜನ ಬೇಕು."

ಅವನು ಸುತ್ತಿದ ಪೈಪನ್ನು ಮತ್ತೆ ಬಿಚ್ಚಿದ. "ಪೈಪ್ ಒಬ್ಬರ ಕೈಲಿ ನಿಲ್ಲಲ್ಲ. ಮುಂದಿರೋರು ಹಿತ್ತಾಳೆ ಮೂತಿ ಹಿಡೀತಾರೆ. ಹಿಂದಿರೋರು ಅವರ ಬೆನ್ನಿಗೆ ಭುಜ ಕೊಟ್ಟು ಭಾರ ತಡೀತಾರೆ. ಹಿಂದಿರೋರು ಬಿಟ್ರೆ ಮುಂದಿರೋರು ಬೀಳ್ತಾರೆ. ಪಂಪಿನ ಸದ್ದಲ್ಲಿ ಮಾತು ಕೇಳ್ಸಲ್ಲ, ಅದಕ್ಕೆ ಕೈ ಸನ್ನೆ. ಕೈ ಮೇಲೆತ್ತಿದ್ರೆ, ನೀರು ನಿಲ್ಲಿಸಿ ಅಂತ. ಗೊತ್ತಾಯ್ತಾ?"

"ಗೊತ್ತಾಯ್ತು."

ಪಂಪಿನ ಬಳಿ ನಿಂತಿದ್ದ ಬಿಂದುಶ್ರೀ ನೀರು ಬಿಟ್ಟಳು. ಪೈಪು ಒದ್ದುಕೊಂಡಿತು! ಮುಂದೆ ಮೂತಿ ಹಿಡಿದಿದ್ದ ಚೈತನ್ಯಾ ಹಿಂದಕ್ಕೆ ವಾಲಿದಳು, ಹಿಂದಿದ್ದ ಅಮರ್‌ನ ಭುಜ ಗೋಡೆಯಂತೆ ಬೆನ್ನಿಗೆ ನಿಂತಿತು. ಮಳೆನೀರಿನ ತೊಟ್ಟಿಯ ನೀರು ಬೀದಿಯ ಹೊಂಗೆ ಮರಗಳ ಮೇಲೆ ಭೋರ್ಗರೆಯಿತು.

"ಯಾಕೆ ಬರೋದು ನಿಲ್ಸಿದ್ರಿ?" ಅವಳು ಮುಂದೆ ನೋಡುತ್ತಲೇ ಕಿರುಚಿದಳು.

"ಏನು?"

"ಯಾಕೆ ಬರ್ಲಿಲ್ಲ ಅಂದೆ! ಪೈಪ್ ಸಿಕ್ತು ಅಂತಾನಾ?"

"ಅಲ್ಲ! ನಿಮ್ಮ ಚಿಕ್ಕಪ್ಪ ಅಂದ್ರು, ಖಜಾಂಚಿ ಮನೆ ಕಾಫಿ ಕುಡಿದಿದ್ದು ವ್ಯರ್ಥ ಆಗ್ಲಿಲ್ಲ ಬಿಡ್ರಿ, ಅಂತ! ಎಲ್ಲಾರೂ ನಕ್ಕರು! ಮತ್ತೆ ಬಂದ್ರೆ ನಿಮ್ಮ ಹೆಸರು ಕೆಡುತ್ತೆ ಅಂತ... ಸಂಘದ ಲೆಕ್ಕ ಒಪ್ಪಿಗೆ ಆದ್ಮೇಲೆ ಬರೋಣ ಅಂದ್ಕೊಂಡೆ!"

"ಅದು ಯಾವಾಗ?"

"ಯುಗಾದಿ ಆದ್ಮೇಲೆ!"

"ಯುಗಾದಿ?! ಅಲ್ಲೀವರೆಗೂ ನಾನೇನು ಅಂದ್ಕೋಬೇಕಿತ್ತು?"

ಅವಳ ಕಣ್ಣು ಮಂಜಾಯಿತು. ನೀರಿನ ಹನಿಯೋ, ಕಣ್ಣೀರೋ. ಪೈಪಿನ ಭಾರ ಒಂದು ಕೈಗೆ ಕೊಟ್ಟು, ಹಣೆಯ ಮೇಲೆ ಜಾರಿದ ಹೆಲ್ಮೆಟ್ಟು ಸರಿಸಿ ಕಣ್ಣೊರೆಸಲು ಇನ್ನೊಂದು ಕೈ ಮೇಲೆತ್ತಿದಳು.

ಕೈ ಮೇಲೆತ್ತಿದ್ದು ಬಿಂದುಶ್ರೀಗೆ ಕಂಡಿತು. ಪಂಪು ನಿಂತಿತು. ಆ ದಿಢೀರ್ ನಿಶ್ಶಬ್ದದಲ್ಲಿ, ಚಾಮರಾಜಪೇಟೆಯ ಅಷ್ಟೂ ಕಿಟಕಿಗಳಿಗೆ ಕೇಳುವಂತೆ ಅಮರ್‌ನ ದನಿ ಮೊಳಗಿತು:

"ನಾನು ಬರ್ತಿದ್ದಿದ್ದು ಪೈಪಿಗಲ್ಲ! ನಿಮಗೋಸ್ಕರ! ಪೈಪಿನ ನೆಪ ಖಾಲಿ ಆಗ್ಬಾರ್ದು ಅಂತ ದೇವರಿಗೆ ಕೈಮುಗೀತಿದ್ದೆ!"

ಒಂದು ಕಾಗೆ ಹಾರಿತು. ಮಹಡಿಯಲ್ಲಿ ಪೇಪರ್ ಓದುತ್ತಿದ್ದ ನಾಗಭೂಷಣ್ ಪೇಪರನ್ನು ನಿಧಾನವಾಗಿ ಇಳಿಸಿದರು. ಯಾರ ಮನೆಯಲ್ಲೋ ಕುಕ್ಕರ್ ಸೀಟಿ ಹೊಡೆಯಿತು.

"ಮುಂದೆ ಹೇಳಪ್ಪಾ!" ಜಗಲಿಯಿಂದ ಅಜ್ಜಿ ಕೂಗಿದರು. "ಅರ್ಧಕ್ಕೆ ನಿಲ್ಲಿಸ್ಬೇಡ!"

"ಅವ್ವಾ, ಸುಮ್ನಿರೇ..." ನಾಗಭೂಷಣ್ ಎಂದರು. ಆದರೆ ಅವರೂ ಪೇಪರ್ ಮತ್ತೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಯಾರಿಗೂ ಹೇಳದವರ ಹಾಗೆ, "ನಾನು ತಮಾಷೆಗೆ ಅಂದಿದ್ದು ಕಣ್ರೀ," ಎಂದು ಸೇರಿಸಿದರು.

ಅಮರ್‌ನ ಭುಜ ಅವಳ ಬೆನ್ನಿಗೆ ಒತ್ತಿಕೊಂಡೇ ಇತ್ತು. ಇಷ್ಟು ವರ್ಷ ಅವಳ ಬಾಗಿಲಿಗೆ ಎಷ್ಟೊಂದು ಜನ ಬಂದಿದ್ದರು! ನೆಪ ಹುಡುಕಿಕೊಂಡು ಬಂದವನು ಇವನೊಬ್ಬನೇ.

"ಮುಂದೆ ಹೇಳಲ್ವಾ?" ಮೆಲ್ಲಗೆ ಕೇಳಿದಳು.

"ಇಷ್ಟು ಜನರ ಮುಂದೆ ಧೈರ್ಯ ಸಾಲ್ತಿಲ್ಲ ಮೇಡಮ್."

"ಬೆಂಕಿಗೆ ಹೆದರದವ್ರು!"

"ಬೆಂಕಿ ಬೇಡ ಅನ್ನಲ್ವಲ್ಲ. ನೀವು ಬೇಡ ಅಂದ್ರೆ...?"

"ನಾನೂ ಅನ್ನಲ್ಲ."

ಹಿಂದಿನಿಂದ ಒಂದು ದೊಡ್ಡ ಉಸಿರು ಹೊರಬಿತ್ತು. ಅವಳ ಕತ್ತಿನ ಬಳಿಯ ಕೂದಲು ಅಲುಗಿತು.

"ನೀರು ನಿಂತಿದೆ ಮೇಡಮ್," ಎಂದ ಅಮರ್. "ಈಗ ಹಿಂದೆ ಯಾರೂ ಹಿಡ್ಕೊಂಡಿರಬೇಕಾಗಿಲ್ಲ. ನೀವು ಬೀಳಲ್ಲ."

"ಗೊತ್ತು," ಎಂದಳು ಚೈತನ್ಯಾ, ಇನ್ನಷ್ಟು ಹಿಂದಕ್ಕೆ ಒರಗುತ್ತ. "ಆದ್ರೂ ಬಿಡ್ಬೇಡಿ."